ತಾಳ್ಯ ಹೋಬಳಿಗೊಂದು ಕಿವುಡರ ಸಂಘ



ಗ್ರಾಮಸಭೆ ನಡೆಯುತ್ತಿರುತ್ತದೆ. ಶಾಮಿಯಾನ ಹಾಕಿದ್ದಾರೆ, ಮೈಕು ಕಟ್ಟಿದ್ದಾರೆ, ಫಲಾನುಭವಿಗಳ ಪಟ್ಟಿ ಓದುತ್ತಿದ್ದಾರೆ. ಹಿಂದಿನ ಸಾಲಿನಲ್ಲಿ ನಲವತ್ತರ ಆಸುಪಾಸಿನ ಒಬ್ಬ ಮನುಷ್ಯ, ಓದುವವರ ಬಾಯನ್ನೇ ನೋಡುತ್ತ ಕೂತಿದ್ದಾನೆ. ಜನ ಚಪ್ಪಾಳೆ ತಟ್ಟಿದರೆ ತಾನೂ ತಟ್ಟುತ್ತಾನೆ, ಎದ್ದರೆ ತಾನೂ ಏಳುತ್ತಾನೆ. ಹಾಜರಿ ಪುಸ್ತಕ ಬಂದಾಗ ಹೆಬ್ಬೆಟ್ಟು ಒತ್ತುತ್ತಾನೆ. ಹುಟ್ಟುಕಿವುಡ. ಪಟ್ಟಿಯಲ್ಲಿ ತನ್ನ ಹೆಸರು ಬಂತೋ ಬಿಟ್ಟುಹೋಯಿತೋ ಅವನಿಗೆ ತಿಳಿಯುವುದಿಲ್ಲ. ಆದರೂ ದಾಖಲೆಯ ಪ್ರಕಾರ ಆತ ಸಭೆಯಲ್ಲಿ ಹಾಜರಿದ್ದಾನೆ, ನಡಾವಳಿಗೆ ಒಪ್ಪಿದ್ದಾನೆ.

2011ರ ಜನಗಣತಿಯಲ್ಲಿ ಕರ್ನಾಟಕದ 2 ಲಕ್ಷ 35 ಸಾವಿರಕ್ಕೂ ಹೆಚ್ಚು ಮಂದಿಯನ್ನು ಶ್ರವಣದೋಷ ಉಳ್ಳವರೆಂದು ಎಣಿಸಿದ್ದಾರೆ. ಸಾವಿರ ಜನರಲ್ಲಿ ಸುಮಾರು ನಾಲ್ವರು ಎಂದಾಯಿತು. ಇದರಲ್ಲಿ ವಯಸ್ಸಾಗಿ ಕಿವಿ ಮಂದವಾದ ಅಜ್ಜ ಅಜ್ಜಿಯರೂ ಸೇರಿದ್ದಾರೆ. ನಾನು ಇವತ್ತು ಮಾತಾಡುತ್ತಿರುವುದು ಹುಟ್ಟಿನಿಂದಲೇ, ಇಲ್ಲವೆ ಮಾತು ಕಲಿಯುವ ಮುಂಚೆಯೇ ಕಿವಿ ಕಳೆದುಕೊಂಡವರ ವಿಚಾರ. ಅವರು ಒಂದೂರಿಗೆ ಒಬ್ಬರೋ ಇಬ್ಬರೋ ಇರುತ್ತಾರೆ. ನಮ್ಮ ಹೊಳಲ್ಕೆರೆ ತಾಲ್ಲೂಕಿನಲ್ಲಿ ಕಸಬಾ, ಬಿ. ದುರ್ಗ, ರಾಮಗಿರಿ, ತಾಳ್ಯ ಎಂದು ನಾಲ್ಕು ಹೋಬಳಿ. ಯಾವ ಹೋಬಳಿಯ ಯಾವ ಊರಿಗೆ ಹೋಗಿ ಕೇಳಿದರೂ, ಇದ್ದಾನೆ ಕಣಣ್ಣ ಒಬ್ಬ, ಆ ಕೇರಿಯಲ್ಲಿ, ಎಂದು ಬೆರಳು ತೋರಿಸುತ್ತಾರೆ. ಹೀಗೆ ಊರಿಗೊಬ್ಬರಂತೆ ಚದುರಿ ಹೋಗಿರುವುದೇ ಅವರ ಬಹು ದೊಡ್ಡ ಕಷ್ಟ. ಕಿವಿ ಕೇಳದಿರುವುದಕ್ಕಿಂತ ದೊಡ್ಡ ಕಷ್ಟ ಎಂದೇ ನಾನು ಹೇಳುತ್ತೇನೆ.

ಯಾಕೆ ಅಂತ ಹೇಳುತ್ತೇನೆ. ಕಿವುಡ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಕ್ಕಳ ತಂದೆತಾಯಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಮಗುವಿಗೆ ಅದು ಮುಟ್ಟುವುದಿಲ್ಲ. ಆಗ ಮನೆಯವರು ತಮ್ಮತಮ್ಮಲ್ಲೇ ಒಂದಷ್ಟು ಸನ್ನೆ ಮಾಡಿಕೊಳ್ಳುತ್ತಾರೆ. ಮೀಸೆ ತಿರುವಿದರೆ ಅಪ್ಪ, ಮೂಗಿನ ಹತ್ತಿರ ಬೆರಳಿಟ್ಟರೆ ಮೂಗುತಿಯ ಅಮ್ಮ, ಬಾಯಿಗೆ ಕೈ ತಂದರೆ ಊಟ, ಎರಡು ಕೈಯಲ್ಲಿ ಕೊಂಬು ತೋರಿಸಿದರೆ ಎಮ್ಮೆ. ಪ್ರೀತಿಯಿಂದ ಹುಟ್ಟಿದ ಸನ್ನೆಗಳೇ ಅವು. ಆದರೆ ಉಣ್ಣು, ಬಾ, ಹೋಗು, ಎಮ್ಮೆ ಹೊಡಕೊಂಡು ಬಾ ಎನ್ನುವಷ್ಟಕ್ಕೇ ಅವು ಮುಗಿಯುತ್ತವೆ. ಅಜ್ಜ ಯಾಕೆ ಸತ್ತ, ಅಕ್ಕ ಯಾವ ಊರಿಗೆ ಹೋದಳು, ಈ ವರ್ಷ ಅಡಿಕೆ ಯಾವ ರೇಟಿಗೆ ಹೋಯಿತು, ಅಪ್ಪ ಮಾಡಿದ ಸಾಲ ಎಷ್ಟು, ನನಗೆ ಯಾಕೆ ಮದುವೆ ಆಗಿಲ್ಲ, ಇವನ್ನು ಕೇಳಲಿಕ್ಕೂ ಬರುವುದಿಲ್ಲ, ಹೇಳಲಿಕ್ಕೂ ಬರುವುದಿಲ್ಲ. ನಲವತ್ತು ವರ್ಷ ಹೀಗೆ ಬದುಕಿದವನನ್ನು ನಾವು ಪೆದ್ದ ಅಂದುಬಿಡುತ್ತೇವೆ. ಆತ ಪೆದ್ದನಲ್ಲ. ಅವನಿಗೆ ಭಾಷೆಯನ್ನೇ ನಾವು ಕೊಟ್ಟಿಲ್ಲ.

ಇನ್ನೊಬ್ಬ ಕಿವುಡ ಸಿಕ್ಕಿದರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಜೀವನವನ್ನೇ ನೋಡಬಹುದು. ಹಿಮಾಚಲದ ಗಗರೇಟ್ ಎಂಬ ಊರಿನ ರೈತರ ಹುಡುಗ ಮದನ್ ವಸಿಷ್ಠ. ಹನ್ನೊಂದನೇ ವಯಸ್ಸಿಗೆ ವಿಷಮಶೀತ ಜ್ವರ, ಅದರ ಜೊತೆಗೆ ಮಂಗನಬಾವು. ಎದ್ದು ಕೂರುವಷ್ಟರಲ್ಲಿ ಎರಡೂ ಕಿವಿ ಹೋಗಿದ್ದವು. ಶಾಲೆ ನಿಂತಿತು. ಬೇಸಾಯ ಮಾಡಿಕೊಂಡು, ಎಮ್ಮೆ ಕಾದುಕೊಂಡು ಬೆಳೆದ. ಕಿವುಡರು ಓದಬಹುದು, ಕೆಲಸಕ್ಕೆ ಸೇರಬಹುದು ಎಂದು ಅವನಿಗೆ ಹೇಳುವವರು ಊರಲ್ಲಿ ಯಾರೂ ಇರಲಿಲ್ಲ. ಇಪ್ಪತ್ತರ ಹೊತ್ತಿಗೆ, 1960ರ ದಶಕದ ಮೊದಲಲ್ಲಿ, ದೆಹಲಿಗೆ ಹೋಗಿ ಕಿವುಡರಿಗೆಂದೇ ಇದ್ದ ಒಂದು ಛಾಯಾಗ್ರಹಣ ಶಾಲೆ ಸೇರಿದ. ಅಲ್ಲಿ ಮೊದಲ ಸಲ ಕೈಯಲ್ಲಿ ಮಾತಾಡುವ ಜನರನ್ನು ಕಂಡ. ಅವರ ಗುಂಪಿನಲ್ಲಿ ಕೂತು ಸಂಜ್ಞೆ ಭಾಷೆ ಕಲಿತ. ಛಾಯಾಗ್ರಾಹಕನಾಗಿ ಕೆಲಸ ಹಿಡಿದ. 1967ರಲ್ಲಿ ಅಮೆರಿಕದಲ್ಲಿ ಕಿವುಡರಿಗಾಗಿಯೇ ಇರುವ ಗ್ಯಾಲಡೆಟ್ ಕಾಲೇಜಿಗೆ ಓದಲು ಹೋದವರು ಮುಂದೆ ಡಾಕ್ಟರೇಟ್ ಪಡೆದು ಅಧ್ಯಾಪಕರಾದರು. ಊರಲ್ಲಿದ್ದಾಗಲೂ ದೆಹಲಿಗೆ ಹೋದಾಗಲೂ ಅವರ ಕಿವಿ ಅದೇ ಕಿವಿ. ಬದಲಾದದ್ದು ಸುತ್ತ ಇದ್ದ ಜನ.

ಇದೇ ಮದನ್ ವಸಿಷ್ಠರು ಜೇಮ್ಸ್ ವುಡ್‌ವರ್ಡ್ ಮೊದಲಾದ ಸಂಶೋಧಕರೊಡನೆ 1970ರ ದಶಕದ ಕೊನೆಗೆ ನಮ್ಮ ದೇಶಕ್ಕೆ ಬಂದು ದೆಹಲಿ, ಕಲ್ಕತ್ತ, ಮುಂಬಯಿ, ಬೆಂಗಳೂರಿನ ಕಿವುಡರು ಹೇಗೆ ಮಾತಾಡುತ್ತಾರೆ ಎಂದು ದಾಖಲು ಮಾಡಿದರು. ಒಂದೂರಿನ ಸಂಜ್ಞೆಗೂ ಇನ್ನೊಂದೂರಿನ ಸಂಜ್ಞೆಗೂ ನೂರಕ್ಕೆ ಎಪ್ಪತ್ತೈದರಷ್ಟು ನಂಟಿದೆ ಎಂದು ಕಂಡುಬಂತು. ಬೆಂಗಳೂರಿನ ಸಂಜ್ಞೆಗಳ ಮೇಲೆಯೇ 1985ರಲ್ಲಿ ಪುಸ್ತಕ ಬಂತು. ಅಂದರೆ ಇದು ಬರಿಯ ಕೈ ಆಡಿಸುವುದಲ್ಲ. ಇದಕ್ಕೆ ವ್ಯಾಕರಣ ಇದೆ, ಮುಖದ ಭಾವಕ್ಕೂ ಹುಬ್ಬಿನ ಏರಿಳಿತಕ್ಕೂ ಅದರಲ್ಲಿ ಅರ್ಥ ಇದೆ. ಪ್ರಶ್ನೆ ಕೇಳುವಾಗ ಹುಬ್ಬು ಬೇರೆ ಥರ ನಿಲ್ಲುತ್ತದೆ. ಕಿವುಡರ ಗುಂಪಿಗೆ ಹೊಸಬ ಬಂದರೆ ಅವನಿಗೊಂದು ಹೆಸರನ್ನೂ ಇಡುತ್ತಾರೆ. ಗಲ್ಲದ ಮೇಲಿನ ಮಚ್ಚೆಯೋ, ಗುಂಗುರು ಕೂದಲೋ, ನಗುವ ರೀತಿಯೋ, ಅದೇ ಅವನ ಸಂಜ್ಞೆಯ ಹೆಸರು. ಊರಲ್ಲಿ ನಾವು ಅವನನ್ನು ಮೂಗ, ಕೆಪ್ಪ ಎಂದೇ ಕರೆದು ತಂದೆತಾಯಿ ಇಟ್ಟ ಹೆಸರನ್ನು ಮರೆತಿರುತ್ತೇವೆ; ಅವರಲ್ಲಿಗೆ ಹೋದರೆ ಮೊದಲ ದಿನವೇ ಅವನಿಗೆ ಹೆಸರು ಸಿಗುತ್ತದೆ.

ಈ ಭಾಷೆಯನ್ನು ಶಾಲೆಗಳಿಂದಲೇ ಓಡಿಸಿದ ಕಾಲ ಒಂದಿತ್ತು. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವುಡರ ಶಿಕ್ಷಣದ ಸಮ್ಮೇಳನ ನಡೆದು, ಸಂಜ್ಞೆ ಬೇಡ, ಬಾಯಿಮಾತನ್ನೇ ಕಲಿಸಿ ಎಂದು ಠರಾವು ಮಾಡಿದರು. ಠರಾವಿಗೆ ಕೈ ಎತ್ತಿದವರು ಬಹುಪಾಲು ಕಿವಿ ಕೇಳುವವರು. ನೂರು ವರ್ಷಕ್ಕೂ ಮೇಲೆ ಜಗತ್ತಿನ ಎಷ್ಟೋ ಶಾಲೆಗಳಲ್ಲಿ ಮಕ್ಕಳು ಕೈ ಆಡಿಸಿದ್ದಕ್ಕೆ ಪೆಟ್ಟು ತಿಂದರು. 2010ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಅದೇ ಸಮ್ಮೇಳನದವರು ಆ ಠರಾವಿಗೆ ವಿಷಾದ ಸೂಚಿಸಿದರು. ಕಿವುಡರನ್ನು ಬಿಟ್ಟು ಕಿವುಡರ ವಿಷಯ ತೀರ್ಮಾನಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ನಮ್ಮ ರಾಜ್ಯದಲ್ಲೇ ಒಂದು ಊರಿದೆ, ಗೌರಿಬಿದನೂರು ತಾಲ್ಲೂಕಿನ ಅಲೀಪುರ. ಅಲ್ಲಿ ತಲೆಮಾರುಗಳಿಂದ ಕಿವುಡರ ಸಂಖ್ಯೆ ಹೆಚ್ಚು. ಹಾಗಾಗಿ ಆ ಊರಿನದೇ ಒಂದು ಸಂಜ್ಞೆ ಭಾಷೆ ಬೆಳೆದಿದೆ. ಸಿಬಾಜಿ ಪಂಡಾ ಎಂಬ ಸಂಶೋಧಕರು ಅದನ್ನು ಅಧ್ಯಯನ ಮಾಡಿ ಬರೆದಿದ್ದಾರೆ, 2012ರಲ್ಲಿ ಪ್ರಕಟವಾಗಿದೆ. ಕಿವಿ ಕೇಳುವ ಎಷ್ಟೋ ಮಂದಿಗೂ ಅಲ್ಲಿ ಆ ಭಾಷೆ ಬರುತ್ತದೆ. ಊರಿನವರು ಮನಸ್ಸು ಮಾಡಿದರೆ ಕೈಮಾತು ಕಲಿಯುವುದು ಸಾಧ್ಯ ಎಂಬುದಕ್ಕೆ ನಾವು ದೂರ ಹೋಗಬೇಕಿಲ್ಲ.

ತಾಯಂದಿರಿಗೆ ಇಲ್ಲಿ ಎರಡು ಮಾತು ಹೇಳಬೇಕು. ಮಗು ಹುಟ್ಟಿದ ಒಂದು ತಿಂಗಳೊಳಗೆ ಕಿವಿ ತಪಾಸಣೆ, ಸಂಶಯ ಬಂದರೆ ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಆರೈಕೆ ಶುರು. ಲೋಕವೆಲ್ಲ ಒಪ್ಪಿದ ಕ್ರಮ ಇದು. ಎರಡು ವರ್ಷ ಆಗಲಿ, ಅವರಪ್ಪನೂ ತಡವಾಗೇ ಮಾತಾಡಿದ್ದ, ಎಂದು ಕಾಯಬೇಡಿ. ಅಂಗನವಾಡಿಗೆ, ಶಾಲೆಗೆ ಬರುವ ಬಾಲಸ್ವಾಸ್ಥ್ಯ ತಂಡದವರಿಗೆ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೇಶದ ನಾನಾ ಕಡೆಯಿಂದ ಜನ ಅಲ್ಲಿಗೆ ಬರುವಾಗ ನಮಗೆ ಅದು ದೂರ ಅಲ್ಲ. ಬಸುರಿಯರಿಗೆ ರುಬೆಲ್ಲಾ ಬಂದರೆ ಹೊಟ್ಟೆಯಲ್ಲಿರುವ ಮಗುವಿನ ಕಿವಿಗೆ ಕುತ್ತು. 2017ರಲ್ಲಿ ದಡಾರ ರುಬೆಲ್ಲಾ ಲಸಿಕೆಯ ಅಭಿಯಾನ ಮೊದಲು ನಡೆದ ರಾಜ್ಯಗಳಲ್ಲಿ ನಮ್ಮದೂ ಒಂದು, ಮಕ್ಕಳಿಗೆ ಆ ಚುಚ್ಚುಮದ್ದು ತಪ್ಪಿಸಬೇಡಿ. ಮನೆತನದಲ್ಲಿ ಹುಟ್ಟುಕಿವುಡು ಇದ್ದರೆ ಸೋದರಮಾವನಿಗೋ ಅತ್ತೆಯ ಮಗನಿಗೋ ಹುಡುಗಿ ಕೊಡುವ ಮುಂಚೆ ವೈದ್ಯರನ್ನು ಒಂದು ಮಾತು ಕೇಳಿ.

ಕಿವಿ ಯಂತ್ರದ ವಿಷಯ. ಶಿಬಿರದಲ್ಲಿ ಯಂತ್ರ ಕೊಡುತ್ತಾರೆ, ಫೋಟೊ ತೆಗೆಯುತ್ತಾರೆ. ಆ ಯಂತ್ರಕ್ಕೆ ಗುಂಡಿಯಷ್ಟು ಸಣ್ಣ ಸೆಲ್ಲು ಬೇಕು. ಸೆಲ್ಲಿನ ಮೇಲಿನ ಸ್ಟಿಕ್ಕರು ಕಿತ್ತ ಕೂಡಲೆ ಗಾಳಿ ತಾಗಿ ಕೆಲಸ ಶುರು ಮಾಡುತ್ತದೆ. ಬಳಸದೆ ಇಟ್ಟರೂ ಸವೆಯುತ್ತ ಹೋಗುತ್ತದೆ. ಮತ್ತೆ ಸೆಲ್ಲು ತರಲು ಪೇಟೆಗೆ ಹೋಗಬೇಕು. ಕಿವಿಯೊಳಗೆ ಕೂರುವ ಅಚ್ಚು ಮಗು ಬೆಳೆದ ಹಾಗೆ ಸಡಿಲವಾಗಿ ಕುಂಯ್‌ಗುಟ್ಟುತ್ತದೆ, ಮಗು ಕಿತ್ತು ಬಿಸಾಡುತ್ತದೆ, ಅಚ್ಚನ್ನು ಹೊಸದಾಗಿ ಮಾಡಿಸಬೇಕು. ಇದನ್ನು ಯಾರೂ ಹೇಳದೆ ಇದ್ದುದರಿಂದ ಎಷ್ಟೋ ಮನೆಗಳಲ್ಲಿ ಯಂತ್ರ ಬೀರುವಿನ ಒಳಗೆ ಡಬ್ಬಿ ಸಮೇತ ಭದ್ರವಾಗಿದೆ. ಸೆಲ್ಲು ಎಲ್ಲಿ ಸಿಗುತ್ತದೆ, ಅಚ್ಚು ಯಾರು ಮಾಡುತ್ತಾರೆ ಎನ್ನುವುದು ಇದನ್ನು ಅನುಭವಿಸಿದ ಇನ್ನೊಬ್ಬ ತಾಯಿಗೆ ಗೊತ್ತಿರುತ್ತದೆ. ಮೈಸೂರಿನಲ್ಲಿ ಕಿವುಡ ಮಕ್ಕಳ ತಂದೆತಾಯಂದಿರೇ ಸಂಘ ಕಟ್ಟಿಕೊಂಡು, ಮಗುವಿನ ಜೊತೆ ತಾಯಿಯೂ ಶಾಲೆಯಲ್ಲಿ ಕೂತು ಕಲಿಯುವ ಪದ್ಧತಿ ನಡೆಸಿದ್ದಾರೆ. ಅಲ್ಲಿ ಒತ್ತು ಬಾಯಿಮಾತಿಗೆ. ಅದರಿಂದ ಒಳ್ಳೆಯದಾದ ಮಕ್ಕಳು ಇದ್ದಾರೆ. ಆದರೆ ಯಂತ್ರ ಹಾಕಿದ್ದೇವೆ, ಇನ್ನು ಸನ್ನೆ ಮಾಡಿದರೆ ಮಾತು ಬರುವುದಿಲ್ಲ ಎಂದು ಮಗುವಿನ ಕೈ ಹಿಡಿಯಬೇಡಿ. ಎರಡೂ ಇರಲಿ. ಮಗು ತನಗೆ ಎಟುಕಿದ್ದನ್ನು ಹಿಡಿದುಕೊಳ್ಳುತ್ತದೆ.

ಈಗ ಆಸ್ತಿಯ ವಿಚಾರಕ್ಕೆ ಬರುತ್ತೇನೆ. ಇದನ್ನು ನಮ್ಮ ಕಡೆ ಗಟ್ಟಿಯಾಗಿ ಯಾರೂ ಆಡುವುದಿಲ್ಲ. ಮನುಸ್ಮೃತಿಯಲ್ಲಿ ಪಾಲಿಗೆ ಅರ್ಹರಲ್ಲದವರನ್ನು ಹೆಸರಿಸಿದ್ದಾರೆ. ಹುಟ್ಟುಕುರುಡರು, ಹುಟ್ಟುಕಿವುಡರು, ಮೂಗರು ಅದರಲ್ಲಿ ಸೇರಿದ್ದಾರೆ. ಅವರಿಗೆ ಅನ್ನ ಬಟ್ಟೆ ಕೊಟ್ಟರೆ ಸಾಕು ಎಂಬ ನ್ಯಾಯ. ಬ್ರಿಟಿಷರ ಕಾಲದ ಕೋರ್ಟುಗಳಲ್ಲೂ ಇದು ನಡೆದುಕೊಂಡು ಬಂತು. 1928ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಕಾಯ್ದೆ ತಂದು ಕಿವುಡರ ಮೇಲಿನ ಈ ಅನರ್ಹತೆ ತೆಗೆದರು. ಸ್ವಾತಂತ್ರ್ಯ ಬಂದ ಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಕಲಂ ನೇರವಾಗಿ ಹೇಳಿತು: ಯಾವ ರೋಗ, ಯಾವ ಅಂಗದೋಷವೂ ಪಾಲು ತಪ್ಪಿಸಲು ಕಾರಣವಲ್ಲ.

ಕಾಯ್ದೆ ಬದಲಾಗಿ ಎಷ್ಟು ದಶಕ ಆಯಿತು! ಆದರೂ ಜಗಲಿಯ ಮೇಲೆ ಪಾಲು ನಡೆಯುವ ಹೊತ್ತಿಗೆ ಹಳೆಯ ನ್ಯಾಯವೇ ಎದ್ದು ಕೂರುತ್ತದೆ. ಪಂಚಾಯ್ತಿದಾರರು ಸೇರುತ್ತಾರೆ. ಸರ್ವೆ ನಂಬರು, ಚಕ್ಕುಬಂದಿ, ಅಡಿಕೆ ತೋಟದಲ್ಲಿ ಯಾವ ಸಾಲಿನಿಂದ ಯಾವ ಸಾಲಿಗೆ, ಕೊಳವೆಬಾವಿಯ ನೀರು ಯಾರಿಗೆ ಯಾವ ಪಾಳಿ, ಎಲ್ಲ ಜೋರಾಗಿ ಚರ್ಚೆ ಆಗುತ್ತದೆ. ಕಿವುಡ ತಮ್ಮ ಕಂಬಕ್ಕೆ ಒರಗಿ ಕೂತು ಎಲ್ಲರ ಮುಖ ನೋಡುತ್ತಿರುತ್ತಾನೆ. ಜಗಳ ಆಗುತ್ತಿದೆ ಎಂದು ಗೊತ್ತು, ಏನು ಅಂತ ಗೊತ್ತಿಲ್ಲ. ಕೊನೆಗೆ, ಇವನಿಗೆ ಹೆಂಡತಿಯೇ ಮಕ್ಕಳೇ, ಅಣ್ಣನ ಜೊತೆ ಇರಲಿ, ಇವನ ಪಾಲೂ ಅಣ್ಣನ ಹೆಸರಿಗೇ ಇರಲಿ ಎಂದು ತೀರ್ಮಾನ. ಪಾಲುಪಟ್ಟಿಗೆ ಹೆಬ್ಬೆಟ್ಟು ಹಾಕಿಸುತ್ತಾರೆ. ಅಣ್ಣ ಇರುವವರೆಗೆ ತೊಂದರೆ ಇಲ್ಲ. ಬಹಳ ಮಂದಿ ಅಣ್ಣಂದಿರು, ಅತ್ತಿಗೆಯರು ನಿಜವಾಗಿಯೂ ಸಾಕಿದ್ದಾರೆ, ಅವರ ಋಣವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಅಣ್ಣನ ಮಕ್ಕಳ ಕಾಲಕ್ಕೆ ಆತ ಕೊಟ್ಟಿಗೆಯ ಪಕ್ಕದ ಕೋಣೆಗೆ ಬಂದಿರುತ್ತಾನೆ. ತನ್ನ ತೋಟದಲ್ಲಿ ತಾನೇ ಕೂಲಿಯಿಲ್ಲದ ಆಳು. ಪಹಣಿಯಲ್ಲಿ ಹೆಸರು ಇಲ್ಲದ್ದರಿಂದ ಬೆಳೆ ಪರಿಹಾರವೂ ಇಲ್ಲ, ಸೊಸೈಟಿ ಸಾಲವೂ ಇಲ್ಲ. ಹೆಬ್ಬೆಟ್ಟು ಒತ್ತುವ ಮುಂಚೆ ಆ ಪತ್ರದಲ್ಲಿ ಏನಿದೆ ಎಂದು ಅವನ ಭಾಷೆಯಲ್ಲಿ ಅವನಿಗೆ ತಿಳಿಸುವ ಒಬ್ಬ ಮನುಷ್ಯ ಆ ಜಗಲಿಯ ಮೇಲೆ ಇದ್ದಿದ್ದರೆ ಸಾಕಿತ್ತು. ಕಿವುಡರಿಗೆ ತಮ್ಮದೇ ಒಂದು ಸಂಘ ಬೇಕು ಎಂದು ನಾನು ಹಟ ಹಿಡಿದು ಹೇಳುವುದು ಮುಖ್ಯವಾಗಿ ಈ ಕಾರಣಕ್ಕೆ.

ಒಗ್ಗೂಡಿದರೆ ಏನು ಸಾಧ್ಯ ಎಂಬುದನ್ನು ಕಿವುಡರೇ ಮಾಡಿ ತೋರಿಸಿದ್ದಾರೆ. ಮೊದಲು ನಮ್ಮ ದೇಶದಲ್ಲಿ ಕಿವುಡರಿಗೆ ಗಾಡಿ ಓಡಿಸುವ ಲೈಸೆನ್ಸು ಕೊಡುತ್ತಿರಲಿಲ್ಲ. ರಾಷ್ಟ್ರೀಯ ಕಿವುಡರ ಸಂಘದವರು ದೆಹಲಿ ಹೈಕೋರ್ಟಿಗೆ ಹೋದರು. 2011ರಲ್ಲಿ ಕೋರ್ಟು, ಪರೀಕ್ಷೆಯಲ್ಲಿ ಪಾಸಾದರೆ ಕಿವುಡುತನ ಒಂದೇ ಕಾರಣಕ್ಕೆ ತಿರಸ್ಕರಿಸುವಂತಿಲ್ಲ ಎಂದಿತು. ಇವತ್ತು ಕಿವುಡ ಯುವಕ ಲೈಸೆನ್ಸು ಜೇಬಲ್ಲಿ ಇಟ್ಟುಕೊಂಡು ಟಿವಿಎಸ್ ಮೇಲೆ ಕಾಯಿ ಮೂಟೆ ಹೇರಿಕೊಂಡು ಹೋಗಬಹುದಾದರೆ ಅದರ ಹಿಂದೆ ಆ ಸಂಘ ಇದೆ.

ಸಂಜ್ಞೆ ಭಾಷೆಗೆ ಒಂದು ಸಂಶೋಧನಾ ಕೇಂದ್ರ ಬೇಕೆಂದೂ ಕಿವುಡರು ಕೇಳಿದರು. 2010ರ ಕೇಂದ್ರ ಬಜೆಟ್ಟಿನಲ್ಲಿ ಘೋಷಣೆ ಆಯಿತು, 2011ರಲ್ಲಿ ಇಗ್ನೋ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಶುರುವಾಯಿತು, 2013ರಲ್ಲಿ ಬಾಗಿಲು ಬಿತ್ತು. ಕಿವುಡರು ಸುಮ್ಮನಿರಲಿಲ್ಲ, ಪ್ರತಿಭಟನೆಗೆ ಇಳಿದರು. 2015ರ ಸೆಪ್ಟೆಂಬರಿನಲ್ಲಿ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಸ್ವತಂತ್ರ ಸಂಸ್ಥೆಯಾಗಿ ದೆಹಲಿಯಲ್ಲಿ ತಲೆಯೆತ್ತಿತು. ಅದು ತಂದ ನಿಘಂಟಿನಲ್ಲಿ 2018ರಲ್ಲಿ 3 ಸಾವಿರ ಪದ, 2021ರ ಹೊತ್ತಿಗೆ 10 ಸಾವಿರ. ಇದು ವಿಡಿಯೊ ನಿಘಂಟು, ಮೊಬೈಲಿನಲ್ಲೇ ನೋಡಬಹುದು. 2024ರ ಡಿಸೆಂಬರಿನಿಂದ ಪಿಎಂ ಇ-ವಿದ್ಯಾ ಟಿವಿ ವಾಹಿನಿಗಳ ಪೈಕಿ 31ನೆಯದು ಸಂಜ್ಞೆ ಭಾಷೆಗೇ ಮೀಸಲಾಗಿದೆ. ಕಿವುಡ ಮಗು ಇರುವ ಮನೆಯವರು ದಯವಿಟ್ಟು ಹುಡುಕಿ ಹಾಕಿ, ಮಗುವಿನ ಜೊತೆ ನೀವೂ ಕೂತು ನೋಡಿ.

ಬೆಂಗಳೂರಿನಲ್ಲಿ ಕಾನೂನು ಓದಿದ ಕಿವುಡ ವಕೀಲೆ ಸಾರಾ ಸನ್ನಿ 2023ರ ಸೆಪ್ಟೆಂಬರಿನಲ್ಲಿ ದುಭಾಷಿಯ ನೆರವಿನಿಂದ ಸುಪ್ರೀಂ ಕೋರ್ಟಿನಲ್ಲಿ ಕಲಾಪಕ್ಕೆ ಹಾಜರಾದರು. 2024ರ ಏಪ್ರಿಲಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ಸಂಜ್ಞೆಯಲ್ಲೇ ವಾದ ಮಂಡಿಸಿದರು. ನ್ಯಾಯಮೂರ್ತಿಗಳು ಕೇಳಿಸಿಕೊಂಡರು. ರಾಜ್ಯದ ಹೈಕೋರ್ಟು ದುಭಾಷಿಯನ್ನು ಇಟ್ಟುಕೊಂಡು ಕಿವುಡರ ಮಾತು ಕೇಳುತ್ತದೆ ಎಂದಮೇಲೆ ನಮ್ಮ ಗ್ರಾಮಸಭೆ ಕೇಳಲಾರದೆ?

ತಾಳ್ಯದಲ್ಲಿ ಇಂಥದೊಂದು ಸಂಘ ಶುರುಮಾಡುವುದು ಕಷ್ಟದ ಕೆಲಸವಲ್ಲ. ಪ್ರತಿ ಗ್ರಾಮ ಪಂಚಾಯ್ತಿಯಲ್ಲಿ ವಿ.ಆರ್.ಡಬ್ಲ್ಯು. ಅಂತ ಕರೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಅವರೂ ಬಹುತೇಕ ವಿಕಲಚೇತನರೇ. ಅವರ ಹತ್ತಿರ ಪಟ್ಟಿ ಇರುತ್ತದೆ. ಎಲ್ಲ ಪಂಚಾಯ್ತಿಗಳ ಪಟ್ಟಿ ಒಂದು ಕಡೆ ಸೇರಿಸಿದರೆ ಹೋಬಳಿಯ ಕಿವುಡರೆಲ್ಲರ ಹೆಸರು, ಊರು ಸಿಕ್ಕುತ್ತದೆ. ತಿಂಗಳಿಗೊಂದು ದಿನ ಗೊತ್ತುಮಾಡಿ ತಾಳ್ಯದಲ್ಲಿ ಸೇರಲಿ. ಶಾಲೆಯ ಕೋಣೆಯೋ, ಸಮುದಾಯ ಭವನವೋ, ಒಟ್ಟಿನಲ್ಲಿ ಚೆನ್ನಾಗಿ ಬೆಳಕಿರುವ ಜಾಗ. ಸಾಲಾಗಿ ಕೂರಿಸಬೇಡಿ, ಒಬ್ಬರಿಗೊಬ್ಬರು ಕಾಣುವ ಹಾಗೆ ಸುತ್ತ ಕೂರಲಿ. ಮೊದಲ ಕೆಲವು ತಿಂಗಳು ಸುಮ್ಮನೆ ಕೂತು ಹರಟಲಿ. ಹತ್ತಾರು ವರ್ಷ ಆಡದೆ ಉಳಿದ ಮಾತು ಇದೆ, ಅದು ಬರಲಿ. ಕಿವುಡರ ಶಾಲೆಯಲ್ಲಿ ಓದಿ ಬಂದ ಹುಡುಗ ಹುಡುಗಿಯರು ಇದ್ದರೆ ಅವರೇ ಗುರುಗಳು, ಮನೆಸನ್ನೆ ಮಾತ್ರ ಬಲ್ಲ ಹಿರಿಯರಿಗೆ ಅವರು ಕಲಿಸುತ್ತಾರೆ.

ಆಮೇಲೆ ಕಾಗದಪತ್ರ. ಯಾರಿಗೆ ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡು ಆಗಿಲ್ಲ, ಯಾರಿಗೆ ಮಾಸಾಶನ ನಿಂತಿದೆ, ಯಾರ ಹೆಸರು ಪಹಣಿಯಿಂದ ಹೋಗಿದೆ ಎಂದು ಕೂತು ನೋಡಲಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸರ್ಕಾರಿ ನೌಕರಿಯ ಶೇಕಡ 4 ಮೀಸಲಿದೆ, ಅದರಲ್ಲಿ 1 ಕಿವುಡರಿಗೆ. ಅದಕ್ಕೆ ಅರ್ಜಿ ಹಾಕುವಷ್ಟು ಓದಿದವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ, ಇಲ್ಲದಿದ್ದರೆ ಯಾಕಿಲ್ಲ ಎಂದು ಸಂಘವೇ ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒ ಅವರನ್ನು ಕೇಳಲಿ. ಪಂಚಾಯ್ತಿಗಳು ವಿಕಲಚೇತನರಿಗಾಗಿ ಎತ್ತಿಡುವ ಶೇಕಡ 5ರ ಹಣದಲ್ಲಿ ಗ್ರಾಮಸಭೆಗೆ ದುಭಾಷಿಯನ್ನು ಕರೆಸುವ ಖರ್ಚನ್ನೂ ಸೇರಿಸಿ ಎಂದು ಒತ್ತಾಯಿಸಲಿ. ಏಳು ಮಂದಿ ಸೇರಿದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ನೋಂದಣಿ ಮಾಡಿಸಬಹುದು. ಅದಕ್ಕೆ ಅವಸರ ಬೇಡ. ಆದರೆ ನೋಂದಣಿ ಆದ ದಿನ ಅಧ್ಯಕ್ಷರ ಜಾಗದಲ್ಲೂ ಕಾರ್ಯದರ್ಶಿ ಜಾಗದಲ್ಲೂ ಕಿವುಡರೇ ಕೂರಬೇಕು. ಕಿವಿ ಕೇಳುವ ನಾವು ಫೋನ್ ಮಾಡುವುದಕ್ಕೆ, ಕಚೇರಿಯಲ್ಲಿ ಜೊತೆಗೆ ನಿಲ್ಲುವುದಕ್ಕೆ, ಬರೆದುಕೊಡುವುದಕ್ಕೆ ಇರೋಣ.

ಕಡೆಯದಾಗಿ ಹೆಣ್ಣುಮಕ್ಕಳ ಮಾತು. ಕಿವುಡ ಗಂಡಸು ಹೊಲಕ್ಕೆ, ಸಂತೆಗೆ, ಹೋಟೆಲಿಗೆ ಹೋಗಿ ನಾಲ್ಕು ಜನರ ಕಣ್ಣಿಗಾದರೂ ಬೀಳುತ್ತಾನೆ. ಕಿವುಡ ಹುಡುಗಿಯನ್ನು ಭಯಕ್ಕೆ ಮನೆಯ ಹೊರಗೇ ಬಿಡುವುದಿಲ್ಲ. ಆ ಭಯ ಸುಳ್ಳೂ ಅಲ್ಲ. ಅವಳಿಗೆ ಯಾರಾದರೂ ಕೇಡು ಮಾಡಿದರೆ ಅವಳು ಹೇಳಲಾರಳು ಎಂಬ ಧೈರ್ಯದಿಂದಲೇ ಮಾಡುತ್ತಾರೆ. ಆದರೆ ಮಾತು ಬಾರದ ಸಾಕ್ಷಿ ಸಂಜ್ಞೆಯಲ್ಲಿ ಹೇಳಿದ್ದನ್ನು ಕೋರ್ಟು ದುಭಾಷಿಯ ಮೂಲಕ ಕೇಳಬೇಕು, ಅದನ್ನು ವಿಡಿಯೊ ಮಾಡಬೇಕು ಎಂದು 2013ರಲ್ಲೇ ಆಗಿನ ಸಾಕ್ಷ್ಯ ಕಾಯ್ದೆಗೆ ತಿದ್ದುಪಡಿ ಆಯಿತು, ಈಗಲೂ ಅದೇ ನಿಯಮ. ಅವಳಿಗೆ ಭಾಷೆ ಬಂದರೆ ಅವಳ ಸಾಕ್ಷಿ ನಿಲ್ಲುತ್ತದೆ. ಆದ್ದರಿಂದ ತಾಳ್ಯದ ಈ ತಿಂಗಳ ಸಭೆಗಳಿಗೆ ಗಂಡಸರನ್ನಷ್ಟೇ ಕಳಿಸಬೇಡಿ. ಮಗಳನ್ನೂ ಕರೆತನ್ನಿ, ಅವಳ ಜೊತೆ ಅಮ್ಮನೋ ಅತ್ತಿಗೆಯೋ ಬರಲಿ, ಬಂದವರು ಹೊರಗೆ ಕಾಯದೆ ಒಳಗೆ ಬಂದು ಕೂತು, ಮಗಳು ಕಲಿಯುವುದನ್ನೇ ತಾವೂ ಕಲಿಯಲಿ. ನಿಮ್ಮ ಪಂಚಾಯ್ತಿಯ ವಿ.ಆರ್.ಡಬ್ಲ್ಯು. ಯಾರು ಎಂದು ಗೊತ್ತಿಲ್ಲದಿದ್ದರೆ ನಾಳೆ ಪಂಚಾಯ್ತಿ ಕಚೇರಿಗೆ ಹೋಗಿ ಕೇಳಿ, ನಿಮ್ಮ ಮನೆಯ, ನಿಮ್ಮ ಕೇರಿಯ ಕಿವುಡರ ಹೆಸರು ಪಟ್ಟಿಯಲ್ಲಿ ಇದೆಯೇ ನೋಡಿ, ಇಲ್ಲದಿದ್ದರೆ ಬರೆಸಿ ಬನ್ನಿ.